ಬಾಣಲೆ ಜಿಗುಟಾಗಿದ್ದು ಎಣ್ಣೆ ಜಾಸ್ತಿಯಾಗಿ

ಪ್ರಶ್ನೆ: ಕೆಲವು ತಿಂಗಳ ಹಿಂದೆ ಹತ್ತು ಇಂಚಿನ ಕಾಸ್ಟ್ ಐರನ್ ಬಾಣಲೆ ಕೊಂಡೆ. ‘ಮೊದಲೇ ಪಳಗಿಸಿದ್ದು’ ಎಂದು ಡಬ್ಬದ ಮೇಲೆ ಬರೆದಿತ್ತು. ಆದರೂ ಮೊಟ್ಟೆ ಒಡೆದು ಹಾಕಿದರೆ ತಳಕ್ಕೆ ಕಚ್ಚಿಕೊಳ್ಳುತ್ತದೆ. ಸರಿಯಾಗಿ ಪಳಗಿಲ್ಲವೇನೋ ಎಂದು ಧಾರಾಳವಾಗಿ ಎಣ್ಣೆ ಸವರಿ ಒಲೆಯ ಮೇಲೆ ಕಾಯಿಸಿದೆ. ಈಗ ಕಂದು ಬಣ್ಣಕ್ಕೆ ತಿರುಗಿ ಕೈಗೆ ಅಂಟುತ್ತದೆ, ಹಳೆ ಎಣ್ಣೆಯ ವಾಸನೆ ಬೇರೆ. ಸೋಪು ಮುಟ್ಟಿಸಲೇಬಾರದು ಅಂತಾರೆ, ಹಾಗಾಗಿ ಬರೀ ಬಿಸಿನೀರಲ್ಲಿ ತೊಳೆಯುತ್ತೇನೆ. ಒರೆಸಿದರೆ ಬಟ್ಟೆಗೆ ಕಪ್ಪು ಹತ್ತುತ್ತದೆ, ಅದು ಹೊಟ್ಟೆಗೆ ಹೋದರೆ ಏನಾಗುತ್ತೋ ಎಂದು ಮನೆಯವರಿಗೆ ಭಯ. ಒಮ್ಮೆ ಟೊಮೆಟೊ ಬೇಯಿಸಿ ರಾತ್ರಿಯಿಡೀ ಅದರಲ್ಲೇ ಬಿಟ್ಟಿದ್ದೆ, ಬೆಳಿಗ್ಗೆ ಬಾಯಿಗಿಟ್ಟರೆ ಕಬ್ಬಿಣದ ರುಚಿ. ಮಗಳಿಗೆ ಹಿಮೋಗ್ಲೋಬಿನ್ ಕಡಿಮೆ ಇದೆ, ಕಬ್ಬಿಣದ ಪಾತ್ರೆಯಲ್ಲಿ ಮಾಡಿದ್ದು ತಿಂದರೆ ಸರಿಹೋಗುತ್ತದೆ ಎನ್ನುತ್ತಾರೆ, ನಿಜವಾ? ಇದರ ಜೊತೆಗೆ ಅಜ್ಜಿಯ ಕಾಲದ ಒಂದು ಬಾಣಲೆಯೂ ಸಿಕ್ಕಿದೆ. ಮೈತುಂಬ ತುಕ್ಕು. ಎಸೆಯಬೇಕಾ, ಉಳಿಸಬಹುದಾ? ಇಂಡಕ್ಷನ್ ಒಲೆ ಕೊಳ್ಳುವ ಯೋಚನೆಯೂ ಇದೆ. ಅದರ ಮೇಲೆ ಇವು ನಡೆಯುತ್ತವಾ?

ಉತ್ತರ: ನಿಮ್ಮ ಬಾಣಲೆ ಕೆಟ್ಟಿಲ್ಲ, ಮೊದಲು ಆ ಚಿಂತೆ ಬಿಡಿ. ನಾನು ಎರಕದ ಕಾರ್ಖಾನೆಯಲ್ಲಿ ಲೋಹ ಪರೀಕ್ಷೆಯ ಕೆಲಸದಲ್ಲಿದ್ದವನು, ಈಗ ಹಳೆಯ ಕಬ್ಬಿಣದ ಪಾತ್ರೆಗಳನ್ನು ಮತ್ತೆ ಬಳಕೆಗೆ ತರುವ ಕೆಲಸ ಮಾಡುತ್ತೇನೆ. ನನ್ನ ಹತ್ತಿರ ‘ಹಾಳಾಗಿದೆ’ ಎಂದು ಬರುವ ಹೊಸ ಬಾಣಲೆಗಳಲ್ಲಿ ಹೆಚ್ಚಿನವು ನಿಮ್ಮದರ ಹಾಗೇ ಇರುತ್ತವೆ. ಒಳ್ಳೆಯ ಕಬ್ಬಿಣ, ಮೇಲೆ ಅರ್ಧಂಬರ್ಧ ಬೆಂದ ಎಣ್ಣೆಯ ಪದರ.

ನೀವು ಎಲ್ಲವನ್ನೂ ಒಂದೇ ಸಮಸ್ಯೆ ಅಂದುಕೊಂಡಿದ್ದೀರಿ. ನಿಜಕ್ಕೂ ಇಲ್ಲಿ ಮೂರು ಬೇರೆ ಬೇರೆ ಸಮಸ್ಯೆಗಳಿವೆ. ಜಿಗುಟಾದದ್ದು ಎಣ್ಣೆ ಜಾಸ್ತಿಯಾಗಿ. ಮೊಟ್ಟೆ ಕಚ್ಚಿಕೊಳ್ಳುವುದು ಹೆಚ್ಚಾಗಿ ಉರಿಯ ಹದ ತಪ್ಪಿ. ಕಬ್ಬಿಣದ ರುಚಿ ಬಂದದ್ದು ಹುಳಿಯಿಂದ. ಮೂರಕ್ಕೂ ‘ಪಳಗಿಲ್ಲ’ ಎಂಬ ಒಂದೇ ಹೆಸರಿಟ್ಟು ಮತ್ತೆ ಮತ್ತೆ ಎಣ್ಣೆ ಬಳಿದರೆ ಮೊದಲನೆಯದು ಹೆಚ್ಚುತ್ತದೆ, ಉಳಿದೆರಡು ಇದ್ದಲ್ಲೇ ಇರುತ್ತವೆ.

ಪಳಗಿಸುವುದು ಎಂದರೆ ಏನು ನಡೆಯುತ್ತದೆ ಎಂಬುದನ್ನು ಒಮ್ಮೆ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಕಬ್ಬಿಣ ಎಣ್ಣೆ ‘ಕುಡಿಯುತ್ತದೆ’, ಅದರಲ್ಲಿರುವ ಸಣ್ಣ ರಂಧ್ರಗಳಲ್ಲಿ ಎಣ್ಣೆ ತುಂಬಿಕೊಳ್ಳುತ್ತದೆ ಎಂದು ಹೇಳುವವರಿದ್ದಾರೆ. ಹಾಗೇನಿಲ್ಲ. ಮೇಲ್ಮೈ ತರಿತರಿಯಾಗಿ ಕಾಣುವುದು ಮರಳಿನ ಅಚ್ಚಿನಿಂದ. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದು ಪಾತ್ರೆ ಮಾಡುತ್ತಾರೆ. ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ ಮರಳಿನಲ್ಲಿ ಕಬ್ಬಿಣದ ಪಾತ್ರೆ ಎರೆಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1707ರಲ್ಲಿ, ಇವತ್ತಿಗೂ ಮೂಲ ವಿಧಾನ ಹೆಚ್ಚುಕಡಿಮೆ ಅದೇ. ಆ ಮರಳಿನ ಗುರುತೇ ನಿಮ್ಮ ಬಾಣಲೆಯ ತರಿ. ಆ ತರಿಗೆ ಪದರ ಹಿಡಿದು ಕೂರುವುದು ಸುಲಭ ಅನ್ನುವುದು ನಿಜ. ಆದರೆ ಎಣ್ಣೆ ಲೋಹದ ಒಳಗೆ ಇಳಿಯುವುದಿಲ್ಲ.

ಆಗುವುದು ಇಷ್ಟು. ತೆಳುವಾಗಿ ಹಚ್ಚಿದ ಅಡುಗೆ ಎಣ್ಣೆ 200 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಾಗ, ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಸೇರಿ ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ದ್ರವವಾಗಿದ್ದದ್ದು ಗಟ್ಟಿಯಾಗಿ ಲೋಹಕ್ಕೆ ಅಂಟಿ ಕೂರುತ್ತದೆ. ಒಮ್ಮೆ ಗಟ್ಟಿಯಾದ ಮೇಲೆ ಅದು ಎಣ್ಣೆಯಲ್ಲ. ಬಟ್ಟೆಯಲ್ಲಿ ಒರೆಸಿದರೆ ಬರುವುದಿಲ್ಲ, ಬಿಸಿ ಮಾಡಿದರೆ ಕರಗುವುದಿಲ್ಲ. ಇದು ಬಾಗಿಲಿಗೆ ಬಣ್ಣ ಹೊಡೆದ ಹಾಗೆ. ತೆಳುವಾಗಿ ಹೊಡೆದರೆ ಪೂರ್ತಿ ಒಣಗುತ್ತದೆ. ದಪ್ಪಗೆ ಹೊಡೆದರೆ ಮೇಲೆ ಕೆನೆ ಕಟ್ಟುತ್ತದೆ, ಒಳಗೆ ಹಸಿಯಾಗಿಯೇ ಉಳಿಯುತ್ತದೆ. ನಿಮ್ಮ ಬಾಣಲೆಯಲ್ಲಿ ಆಗಿರುವುದು ಈ ಎರಡನೆಯದು. ಜೊತೆಗೆ, ಒಲೆಯ ಮೇಲೆ ಕಾಯಿಸಿದಾಗ ನಡುಭಾಗ ಕಾದಷ್ಟು ಅಂಚು ಕಾದಿರುವುದಿಲ್ಲ. ಅಂಚಿನ ಎಣ್ಣೆ ಬೇಯದೆ ಹಾಗೇ ಉಳಿದು, ದಿನ ಕಳೆದಂತೆ ಕಮಟು ವಾಸನೆ ಹಿಡಿದಿದೆ.

ಇದನ್ನು ಸರಿಪಡಿಸಲು ಮೊದಲು ಬಿಸಿನೀರು, ಪಾತ್ರೆ ತೊಳೆಯುವ ಸೋಪು ಮತ್ತು ಒರಟು ಸ್ಕ್ರಬ್ಬರ್ ಹಿಡಿದು ಚೆನ್ನಾಗಿ ಉಜ್ಜಿ. ಹೌದು, ಸೋಪು ಹಾಕಿಯೇ. ಹಸಿಯಾಗಿರುವುದೆಲ್ಲ ಹೋಗಲಿ. ತೊಳೆದ ತಕ್ಷಣ ಒರೆಸಿ, ಓವನ್ ಇದ್ದರೆ ಬೋರಲು ಹಾಕಿ 230 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಹೊಸದಾಗಿ ಎಣ್ಣೆ ಹಚ್ಚುವುದು ಬೇಡ. ಉಳಿದ ಜಿಗುಟು ತೆಳುವಾಗಿದ್ದರೆ ಇಷ್ಟಕ್ಕೇ ಗಟ್ಟಿಯಾಗುತ್ತದೆ. ಆರಿದ ಮೇಲೆ ಬೆರಳು ಒತ್ತಿ ಎಳೆಯಿರಿ. ಬೆರಳು ಜಾರಿದರೆ ಕೆಲಸ ಮುಗಿಯಿತು. ಇನ್ನೂ ಎಳೆದು ಹಿಡಿದರೆ ಆ ಜಾಗವನ್ನು ಸ್ಟೀಲ್ ಸ್ಕ್ರಬ್ಬರ್‌ನಿಂದ ಉಜ್ಜಿ ತೆಗೆಯಿರಿ, ಕಬ್ಬಿಣದ ಬೂದು ಬಣ್ಣ ಕಂಡರೂ ಪರವಾಗಿಲ್ಲ. ಪದರವನ್ನು ಎಷ್ಟು ಸಲ ಬೇಕಾದರೂ ಮತ್ತೆ ಕಟ್ಟಬಹುದು.

ಮತ್ತೆ ಕಟ್ಟುವಾಗ ಒಂದೇ ಒಂದು ಕೆಲಸವನ್ನು ಜಾಗ್ರತೆಯಿಂದ ಮಾಡಿ, ಅದು ಒರೆಸುವ ಕೆಲಸ. ಒಣಗಿದ ಬಾಣಲೆಯನ್ನು ಕೈಗೆ ಬಿಸಿ ತಾಕುವಷ್ಟು ಬೆಚ್ಚಗೆ ಮಾಡಿ. ಅರ್ಧ ಚಮಚ ಎಣ್ಣೆ ಸಾಕು. ಒಳಗೆ, ಹೊರಗೆ, ಹಿಡಿಗೆ, ಎಲ್ಲ ಕಡೆ ಸವರಿ. ಆಮೇಲೆ ಬೇರೆ ಒಣ ಬಟ್ಟೆ ತಗೊಂಡು, ಎಣ್ಣೆ ಹಚ್ಚಿದ್ದೇ ತಪ್ಪಾಯಿತು ಅನ್ನುವ ಹಾಗೆ ಪೂರ್ತಿ ಒರೆಸಿ ತೆಗೆಯಿರಿ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಒದ್ದೆ ಹೊಳಪು ಕಂಡರೆ ಇನ್ನೂ ಜಾಸ್ತಿ ಇದೆ ಅಂತ ಅರ್ಥ. ಮಂಕಾಗಿ, ಎಣ್ಣೆಯೇ ಇಲ್ಲವೇನೋ ಅನ್ನಿಸುವ ಹಾಗೆ ಕಂಡರೆ ಹದ ಸರಿಯಾಗಿದೆ. ಓವನ್‌ನಲ್ಲಿ ಬೋರಲು ಹಾಕಿ 230 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಒಳಗೇ ಆರಲು ಬಿಡಿ. ಹೀಗೆ ಎರಡು ಮೂರು ಸಲ. ಮೊದಲ ಸಲಕ್ಕೆ ತಾಮ್ರದಂಥ ಕಂದು, ಆಮೇಲೆ ಗಾಢ ಕಂದು ಬರುತ್ತದೆ. ಅಚ್ಚ ಕಪ್ಪು ಬರುವುದು ಅಡುಗೆ ಮಾಡುತ್ತಾ ಹೋದ ಹಾಗೆ. ಅದಕ್ಕಾಗಿ ಹತ್ತು ಸಲ ಓವನ್ ಉರಿಸುವುದು ಸುಮ್ನೆ ದಂಡ.

ಓವನ್ ಇಲ್ಲದಿದ್ದರೆ ಒಲೆಯ ಮೇಲೂ ಆಗುತ್ತದೆ. ಕಿಟಕಿ ತೆಗೆದಿಡಿ. ಸಣ್ಣ ಉರಿಯಿಂದ ಶುರು ಮಾಡಿ, ಬಾಣಲೆಯನ್ನು ಆಗಾಗ ಸರಿಸುತ್ತಾ ಎಲ್ಲ ಭಾಗಕ್ಕೂ ಕಾವು ತಾಕಿಸಿ, ಸಣ್ಣಗೆ ಹೊಗೆ ಎದ್ದು ನಿಂತ ಮೇಲೆ ಇಳಿಸಿ. ಅಂಚು ಅಷ್ಟು ಚೆನ್ನಾಗಿ ಬರುವುದಿಲ್ಲ. ಬರದಿದ್ದರೂ ದೊಡ್ಡ ನಷ್ಟವೇನಿಲ್ಲ, ಅಡುಗೆ ನಡೆಯುವುದು ತಳದಲ್ಲಿ ತಾನೆ?

ಯಾವ ಎಣ್ಣೆ ಎಂಬ ಪ್ರಶ್ನೆ ನೀವು ಕೇಳಿಲ್ಲ, ಆದರೆ ಮುಂದೆ ಕೇಳುತ್ತೀರಿ ಎಂದು ಗೊತ್ತು. ಸೂರ್ಯಕಾಂತಿ, ಸೋಯಾ, ಕನೋಲಾ, ಮನೆಯಲ್ಲಿ ಯಾವ ರಿಫೈನ್ಡ್ ಎಣ್ಣೆ ಇದೆಯೋ ಅದೇ ಸಾಕು. ಕೊಂಡಿ ಹಾಕಿಕೊಳ್ಳುವ ಗುಣ ಅಪರ್ಯಾಪ್ತ ಕೊಬ್ಬಿನದು, ಅದು ಈ ಎಣ್ಣೆಗಳಲ್ಲಿ ಬೇಕಾದಷ್ಟಿದೆ. ತೆಂಗಿನೆಣ್ಣೆಯಲ್ಲಿ ಅದು ತೀರಾ ಕಡಿಮೆ, ಹಾಗಾಗಿ ಪಳಗಿಸಲು ಅದನ್ನು ನಾನು ಹೇಳುವುದಿಲ್ಲ. ಅಗಸೆ ಎಣ್ಣೆಯನ್ನು ತುಂಬಾ ಜನ ಹೊಗಳುತ್ತಾರೆ. ಪದರ ಗಾಜಿನಂತೆ ಹೊಳೆಯುವುದು ನಿಜ, ಆದರೆ ಅದು ಬಿರುಸು. ಬಳಸುತ್ತಾ ಹೋದಂತೆ ಹಕ್ಕಳೆ ಹಕ್ಕಳೆಯಾಗಿ ಎದ್ದು ಬರುವುದನ್ನು ಬೇಕಾದಷ್ಟು ನೋಡಿದ್ದೇನೆ. ಫೋಟೊಗೆ ಚೆಂದ, ಅಡುಗೆಗೆ ಬೇಡ.

ಇನ್ನು ಸೋಪಿನ ಮಾತು. ‘ಸೋಪು ಮುಟ್ಟಿಸಬೇಡ’ ಎಂಬುದು ಸುಳ್ಳಿನಿಂದ ಹುಟ್ಟಿದ್ದಲ್ಲ. ಹಿಂದೆ ಮನೆಯಲ್ಲೇ ಮಾಡುತ್ತಿದ್ದ ಸೋಪುಗಳಲ್ಲಿ ಕಾಸ್ಟಿಕ್ ಸೋಡಾದಂಥ ಕ್ಷಾರ ಉಳಿದಿರುತ್ತಿತ್ತು. ಕ್ಷಾರ ಈ ಪದರವನ್ನು ನಿಜವಾಗಿಯೂ ಕಡಿಯುತ್ತದೆ. ಈಗಿನ ಪಾತ್ರೆ ತೊಳೆಯುವ ದ್ರವ ಅಷ್ಟು ತೀಕ್ಷ್ಣವಲ್ಲ. ಅದು ಹಸಿ ಎಣ್ಣೆಯನ್ನು ತೆಗೆಯುತ್ತದೆ, ಗಟ್ಟಿಯಾದ ಪದರವನ್ನು ಮುಟ್ಟುವುದಿಲ್ಲ. ಸೋಪು ಹಾಕಿದ ಕೂಡಲೇ ಪದರ ಎದ್ದು ಹೋಯಿತು ಎಂದು ಯಾರಾದರೂ ಹೇಳಿದರೆ, ಅವರ ಬಾಣಲೆಯಲ್ಲಿ ಇದ್ದದ್ದು ಪದರವಲ್ಲ, ಹಳೆ ಜಿಡ್ಡು. ಡಿಶ್‌ವಾಶರ್ ಮಾತ್ರ ಬೇಡ. ಅದರ ಪುಡಿಯಲ್ಲಿ ಕ್ಷಾರ ಜಾಸ್ತಿ, ಜೊತೆಗೆ ತಾಸುಗಟ್ಟಲೆ ನೀರು ಮತ್ತು ಬಿಸಿ ಹಬೆ. ಒಳಗಿಟ್ಟದ್ದು ಕಪ್ಪು, ಹೊರಗೆ ಬರುವುದು ಕಿತ್ತಳೆ. ಸಿಂಕಿನಲ್ಲಿ ನೆನೆಹಾಕುವುದೂ ಬೇಡ.

ದಿನದ ಆರೈಕೆಗೆ ಐದು ನಿಮಿಷ ಸಾಕು. ಬಾಣಲೆ ಇನ್ನೂ ಬೆಚ್ಚಗಿರುವಾಗ ತೊಳೆಯಿರಿ. ಏನಾದರೂ ಹಿಡಿದಿದ್ದರೆ ಸ್ವಲ್ಪ ನೀರು ಹಾಕಿ ಕುದಿಸಿ ಮರದ ಸಟ್ಟುಗದಿಂದ ಕೆರೆಯಿರಿ, ಇಲ್ಲವೇ ಕಲ್ಲುಪ್ಪು ಹಾಕಿ ಉಜ್ಜಿ. ಒರೆಸಿ ಒಲೆಯ ಮೇಲಿಟ್ಟು ನೀರಿನ ಕೊನೆಯ ಹನಿಯೂ ಆರುವವರೆಗೆ ಕಾಯಿಸಿ. ನಾಲ್ಕು ಹನಿ ಎಣ್ಣೆ ಸವರಿ, ಮತ್ತೆ ಒರೆಸಿ ತೆಗೆದು ಎತ್ತಿಡಿ. ಒಂದರೊಳಗೊಂದು ಇಡುವುದಾದರೆ ನಡುವೆ ಕಾಗದ ಹಾಕಿ. ಮುಚ್ಚಳ ಬಿಗಿಯಾಗಿ ಮುಚ್ಚಬೇಡಿ, ಒಳಗೆ ತೇವ ಕೂರುತ್ತದೆ.

ಬಟ್ಟೆಗೆ ಹತ್ತುವ ಕಪ್ಪು ಸೀದ ಎಣ್ಣೆ ಮತ್ತು ಸೀದ ಆಹಾರದ ಪುಡಿ, ಕೆಲವೊಮ್ಮೆ ಪದರದ ಚೂರು. ಹೊಸ ಬಾಣಲೆಯಲ್ಲಿ ಇದು ಸಾಮಾನ್ಯ. ಸ್ವಲ್ಪ ಹೊಟ್ಟೆಗೆ ಹೋದರೆ ವಿಷವಲ್ಲ, ಮನೆಯವರಿಗೆ ಧೈರ್ಯ ಹೇಳಿ. ಆದರೆ ವಿಷವಲ್ಲ ಎಂದ ಮಾತ್ರಕ್ಕೆ ಅದನ್ನು ಸಾಕಿಕೊಂಡಿರಬೇಕಾಗಿಲ್ಲ. ನೀವು ಇಷ್ಟು ದಿನ ಸೋಪಿಲ್ಲದೆ ತೊಳೆದಿದ್ದರಿಂದ ಆ ಮಸಿ ದಿನದಿಂದ ದಿನಕ್ಕೆ ಕೂಡುತ್ತಾ ಬಂದಿದೆ, ಅಡುಗೆಗೆ ಕಹಿಯೂ ಅದರಿಂದಲೇ ಬರುತ್ತದೆ. ಸೋಪು ಹಾಕಿ ತೊಳೆಯಲು ಶುರು ಮಾಡಿದರೆ ಕೆಲವೇ ದಿನಗಳಲ್ಲಿ ಕಡಿಮೆಯಾಗುತ್ತದೆ. ಬಟ್ಟೆಗೆ ಹತ್ತುವುದು ಕಪ್ಪಾಗಿರದೆ ಕೆಂಪು ಕಂದಾಗಿದ್ದರೆ ಅದು ತುಕ್ಕು. ಅಲ್ಲಿ ಪದರ ಹೋಗಿದೆ ಎಂದು ಅರ್ಥ.

ಈಗ ಮೊಟ್ಟೆಗೆ ಬರೋಣ. ನನಗೆ ಬರುವ ದೂರುಗಳಲ್ಲಿ ಇದೇ ದೊಡ್ಡದು, ಪರಿಹಾರವೂ ಇದಕ್ಕೇ ಸುಲಭ.

ಕಾಸ್ಟ್ ಐರನ್ ‘ಎಲ್ಲ ಕಡೆ ಸಮನಾಗಿ ಕಾಯುತ್ತದೆ’ ಎಂದು ಮಾರುವವರು ಹೇಳುತ್ತಾರೆ. ಲೋಹ ಪರೀಕ್ಷಿಸಿದವನಾಗಿ ಹೇಳುತ್ತೇನೆ, ಇದು ತಲೆಕೆಳಗಾದ ಮಾತು. ಅಲ್ಯೂಮಿನಿಯಂಗೆ ಹೋಲಿಸಿದರೆ ಇದರಲ್ಲಿ ಶಾಖ ಹರಿಯುವುದು ಸುಮಾರು ನಾಲ್ಕು ಪಟ್ಟು ನಿಧಾನ. ತಾಮ್ರದ ಮುಂದಂತೂ ಲೆಕ್ಕಕ್ಕೇ ಇಲ್ಲ. ಬೇಕಾದರೆ ನೀವೇ ನೋಡಿ. ಒಣ ಬಾಣಲೆಯ ಮೇಲೆ ಹಿಟ್ಟು ತೆಳ್ಳಗೆ ಉದುರಿಸಿ ಹದ ಉರಿಯಲ್ಲಿಡಿ. ಒಲೆಯ ಜ್ವಾಲೆ ಎಲ್ಲಿ ತಾಕುತ್ತದೋ ಅಲ್ಲಿ ಹಿಟ್ಟು ಬಳೆಯಾಕಾರದಲ್ಲಿ ಕಂದಾಗುತ್ತದೆ, ಅಂಚಿನ ಹಿಟ್ಟು ಇನ್ನೂ ಬೆಳ್ಳಗೇ ಇರುತ್ತದೆ. ಕಾಸ್ಟ್ ಐರನ್‌ನ ಗುಣ ಬೇರೆ. ಅದು ತೂಕದ ವಸ್ತು, ಹತ್ತು ಇಂಚಿನದೇ ಎರಡು ಕಿಲೋ ಮೀರುತ್ತದೆ. ಅಷ್ಟು ಲೋಹ ಒಮ್ಮೆ ಕಾದರೆ ಬೇಗ ಆರುವುದಿಲ್ಲ. ಫ್ರಿಜ್ಜಿನಿಂದ ತೆಗೆದ ತಣ್ಣನೆ ಮಾಂಸ ಹಾಕಿದರೂ ಅದರ ಕಾವು ತೆಳು ಬಾಣಲೆಯಲ್ಲಿ ಇಳಿದಷ್ಟು ಇಳಿಯುವುದಿಲ್ಲ. ಹಾಗಾಗಿಯೇ ಅದರಲ್ಲಿ ಮಾಂಸ, ಮೀನು, ಆಲೂಗಡ್ಡೆ ಅಷ್ಟು ಚೆನ್ನಾಗಿ ಕೆಂಪಗಾಗುವುದು.

ಈ ಗುಣ ತಿಳಿಯದೆ ಇದ್ದರೆ ಎರಡು ರೀತಿ ಎಡವುತ್ತೇವೆ. ಒಂದು, ಒಂದು ನಿಮಿಷ ಕಾಯಿಸಿ ಮೊಟ್ಟೆ ಹಾಕುವುದು. ಬಾಣಲೆ ಅರೆಬಿಸಿ ಇರುವಾಗ ಮೊಟ್ಟೆಯ ಪ್ರೋಟೀನ್ ಹಸಿಯಾಗಿಯೇ ತರಿಯ ಸಂದಿಗಳಿಗೆ ಇಳಿದು, ಅಲ್ಲೇ ಗಟ್ಟಿಯಾಗಿ ಬೇರೂರುತ್ತದೆ. ಇನ್ನೊಂದು, ಬೇಗ ಕಾಯಲಿ ಎಂದು ಜೋರು ಉರಿ ಇಡುವುದು. ಕಾಸ್ಟ್ ಐರನ್ ಕಾಯುವುದು ತಡ, ಆದರೆ ಕಾದ ಮೇಲೆ ಉರಿ ತಗ್ಗಿಸಿದರೂ ಮಾತು ಕೇಳುವುದಿಲ್ಲ. ಮೊಟ್ಟೆ ತಳ ಸೀದು ಹಿಡಿಯುತ್ತದೆ.

ಹದಕ್ಕಿಂತ ಸ್ವಲ್ಪ ಕಡಿಮೆ ಉರಿಯಲ್ಲಿ ನಾಲ್ಕೈದು ನಿಮಿಷ ಕಾಯಿಸಿ, ನಡುವೆ ಒಂದೆರಡು ಸಲ ಬಾಣಲೆ ತಿರುಗಿಸಿ. ಒಂದು ಹನಿ ನೀರು ಹಾಕಿ ನೋಡಿ. ಸುಮ್ಮನೆ ಕೂತು ನಿಧಾನವಾಗಿ ಆರಿದರೆ ಇನ್ನೂ ಕಾಯಬೇಕು. ಚುರ್ ಎಂದು ಕುದಿದು ಆವಿಯಾದರೆ ಮೊಟ್ಟೆಗೆ ಸರಿ. ಹನಿ ಮುತ್ತಿನಂತೆ ಉರುಳಾಡತೊಡಗಿದರೆ ಮೊಟ್ಟೆಗೆ ಜಾಸ್ತಿಯಾಯಿತು, ಮಾಂಸಕ್ಕಾದರೆ ಆಗಬಹುದು. ನೀರು ಆರಿದ ಮೇಲೆ ಎಣ್ಣೆಯೋ ಬೆಣ್ಣೆಯೋ ಹಾಕಿ. ಇಲ್ಲಿ ಕೈ ಬಿಗಿ ಮಾಡಬೇಡಿ. ಪಳಗಿಸುವಾಗ ಎಣ್ಣೆ ಕಡಿಮೆ, ಅಡುಗೆಗೆ ಬೇಕಾದಷ್ಟು, ಇವೆರಡನ್ನೂ ಜನ ಅದಲುಬದಲು ಮಾಡುತ್ತಾರೆ. ಹಾಕಿದ ಕೂಡಲೇ ಮೊಟ್ಟೆಯನ್ನು ಕದಲಿಸಬೇಡಿ. ಕೆಳಭಾಗ ಗಟ್ಟಿಯಾದ ಮೇಲೆ ತಾನಾಗಿ ಸಡಿಲವಾಗುತ್ತದೆ. ಅಂಚಿನಡಿ ತೆಳ್ಳನೆ ಸಟ್ಟುಗ ತೂರಿಸಿದರೆ ಏಳುತ್ತದೆ. ನಾನ್‌ಸ್ಟಿಕ್‌ನಲ್ಲಿ ಜಾರಿದ ಹಾಗೆ ಎಣ್ಣೆಯಿಲ್ಲದೆ ಜಾರಬೇಕು ಎಂದು ಆಸೆ ಪಡಬೇಡಿ. ಎಷ್ಟು ವರ್ಷ ಪಳಗಿದರೂ ಇದು ನಾನ್‌ಸ್ಟಿಕ್ ಆಗುವುದಿಲ್ಲ. ದಿನಾ ಎಣ್ಣೆಯಿಲ್ಲದ ಮೊಟ್ಟೆಯೇ ಬೇಕು ಅನ್ನುವವರಿಗೆ ಇದು ತಕ್ಕ ಪಾತ್ರೆಯಲ್ಲ, ಅದನ್ನು ನಾನು ನೇರವಾಗಿಯೇ ಹೇಳುತ್ತೇನೆ.

ಬರೀ ಬಾಣಲೆಯನ್ನು ಜೋರು ಉರಿಯ ಮೇಲಿಟ್ಟು ಫೋನಿನಲ್ಲಿ ಮಾತಾಡುತ್ತಾ ಮರೆತರೆ ನಡುವೆ ಬೂದು ಬಣ್ಣದ ಮಚ್ಚೆ ಬೀಳುತ್ತದೆ. ಪದರ ಸುಟ್ಟು ಹೋದ ಜಾಗ ಅದು. ಮತ್ತೆ ಪಳಗಿಸಿದರೆ ಸರಿ. ಕಾದ ಬಾಣಲೆಗೆ ತಣ್ಣೀರು ಸುರಿಯುವುದು ಮಾತ್ರ ಸರಿಪಡಿಸಲಾಗದ ತಪ್ಪು. ಈ ಕಬ್ಬಿಣದಲ್ಲಿ ಇಂಗಾಲ ಸುಮಾರು ಶೇ 2ರಿಂದ 4ರಷ್ಟಿದ್ದು, ಅದರಲ್ಲಿ ಹೆಚ್ಚಿನದು ತೆಳು ತೆಳು ಗ್ರಾಫೈಟ್ ಪಕಳೆಗಳಾಗಿ ಲೋಹದೊಳಗೆ ಹರಡಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೂದು ನೆಲದ ಮೇಲೆ ಕಪ್ಪು ಗೀರುಗಳ ಹಾಗೆ ಕಾಣುತ್ತದೆ. ಲೋಹ ತಟ್ಟನೆ ಕುಗ್ಗಿದಾಗ ಬಿರುಕು ಹುಟ್ಟುವುದು ಆ ಗೀರುಗಳ ತುದಿಯಲ್ಲೇ. ಉಕ್ಕಾದರೆ ಸ್ವಲ್ಪ ಬಾಗಿ ತಡೆದುಕೊಳ್ಳುತ್ತದೆ. ಇದಕ್ಕೆ ಬಾಗಿ ಗೊತ್ತಿಲ್ಲ, ಒಡೆಯುತ್ತದೆ. ಕೈಜಾರಿ ಕಲ್ಲಿನ ನೆಲಕ್ಕೆ ಬಿದ್ದರೂ ಅಷ್ಟೆ.

ಟೊಮೆಟೊ ಬಗ್ಗೆ. ಟೊಮೆಟೊ, ನಿಂಬೆ, ವಿನೆಗರ್ ಯಾವುದೇ ಆಗಲಿ, ಹುಳಿ ಪದರವನ್ನು ಸಡಿಲಿಸಿ ಕಬ್ಬಿಣವನ್ನು ಕರಗಿಸುತ್ತದೆ. ಚೆನ್ನಾಗಿ ಪಳಗಿದ ಬಾಣಲೆಯಲ್ಲಿ ಹದಿನೈದು ಇಪ್ಪತ್ತು ನಿಮಿಷದ ಅಡುಗೆಗೆ ಟೊಮೆಟೊ ಹಾಕಿದರೆ ಏನೂ ಆಗುವುದಿಲ್ಲ. ನಿಮ್ಮಲ್ಲಿ ಮೂರೂ ಸೇರಿದವು: ಪದರ ಗಟ್ಟಿಯಿರಲಿಲ್ಲ, ಹುಳಿ ಜಾಸ್ತಿ, ಮೇಲಾಗಿ ರಾತ್ರಿಯಿಡೀ ಅದರಲ್ಲೇ ಕೂತಿತ್ತು. ಆ ರುಚಿ ಕಬ್ಬಿಣದ್ದೇ. ಅಪಾಯವಿಲ್ಲ, ತಿನ್ನಲು ಚೆನ್ನಾಗಿರುವುದಿಲ್ಲ ಅಷ್ಟೆ. ಯಾವ ಅಡುಗೆಯನ್ನೇ ಆಗಲಿ, ಆದ ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ. ತಾಸುಗಟ್ಟಲೆ ಕುದಿಯಬೇಕಾದ ಹುಳಿ ಅಡುಗೆ ಆಗಾಗ ಮಾಡುವವರಾದರೆ ಎನಾಮಲ್ ಹಾಕಿದ ಕಾಸ್ಟ್ ಐರನ್ ಪಾತ್ರೆ ಒಂದು ದಾರಿ. ಅದರ ಮೇಲಿರುವುದು ಗಾಜಿನ ಲೇಪ. ಪಳಗಿಸುವ ತಂಟೆಯಿಲ್ಲ, ಹುಳಿಯ ಭಯವೂ ಇಲ್ಲ. ಆದರೆ ಬಡಿದರೆ ಲೇಪ ಚಕ್ಕೆ ಏಳುತ್ತದೆ. ಒಳಮೈಯಲ್ಲಿ ಚಕ್ಕೆ ಎದ್ದರೆ ಮತ್ತೆ ಅಡುಗೆಗೆ ಬಳಸಬೇಡಿ, ಚೂರು ಊಟಕ್ಕೆ ಸೇರಬಹುದು.

ಇದೇ ಮಾತು ನಿಮ್ಮ ಮಗಳ ವಿಷಯಕ್ಕೆ ಕರೆದೊಯ್ಯುತ್ತದೆ. ಕಬ್ಬಿಣದ ಪಾತ್ರೆಯಿಂದ ಅಡುಗೆಗೆ ಕಬ್ಬಿಣ ಸೇರುತ್ತದೆ ಎಂಬುದು ನಿಜ, ಪರೀಕ್ಷಿಸಿ ನೋಡಿರುವ ಸಂಗತಿ. ಎಷ್ಟು ಸೇರುತ್ತದೆ ಎಂಬುದಕ್ಕೆ ಒಂದು ಲೆಕ್ಕವಿಲ್ಲ. ಹುಳಿಯಾದ, ನೀರು ಜಾಸ್ತಿಯಿರುವ, ಹೊತ್ತು ಕುದಿಯುವ ಅಡುಗೆಗೆ ಹೆಚ್ಚು. ಎಣ್ಣೆಯಲ್ಲಿ ಬೇಗ ಹುರಿದದ್ದಕ್ಕೆ ತೀರಾ ಕಡಿಮೆ. ಹೊಸ ಬಾಣಲೆಯಿಂದ ಹೆಚ್ಚು, ಚೆನ್ನಾಗಿ ಪಳಗಿದ್ದರಿಂದ ಕಡಿಮೆ. ಇಲ್ಲೊಂದು ತಮಾಷೆಯಿದೆ ನೋಡಿ. ಬಾಣಲೆ ಅಡುಗೆಗೆ ಎಷ್ಟು ಒಳ್ಳೆಯದಾಗುತ್ತದೋ ಕಬ್ಬಿಣ ಕೊಡುವುದು ಅಷ್ಟು ಕಡಿಮೆಯಾಗುತ್ತದೆ. ಹೀಗೆ ಸೇರಿದ ಕಬ್ಬಿಣವನ್ನೂ ಮೈ ಪೂರ್ತಿ ಹೀರಿಕೊಳ್ಳುವುದಿಲ್ಲ. ಊಟದ ಜೊತೆ ಚಹಾ, ಕಾಫಿ ಕುಡಿದರೆ ಇನ್ನೂ ಕಡಿಮೆ, ವಿಟಮಿನ್ ಸಿ ಇರುವ ಹಣ್ಣು ತರಕಾರಿ ಜೊತೆಗಿದ್ದರೆ ಸ್ವಲ್ಪ ಜಾಸ್ತಿ.

ನಾನು ವೈದ್ಯನಲ್ಲ. ಆದರೆ ಇಷ್ಟು ಹೇಳಬಲ್ಲೆ: ಬಾಣಲೆ ಔಷಧಿಯಲ್ಲ. ಹಿಮೋಗ್ಲೋಬಿನ್ ಕಡಿಮೆಯಾಗಲು ಕಬ್ಬಿಣದ ಕೊರತೆಯೊಂದೇ ಕಾರಣವಲ್ಲ. ರಕ್ತಸ್ರಾವ, ಬಿ12 ಕೊರತೆ, ಥಲಸ್ಸೇಮಿಯಾದಂಥ ಹುಟ್ಟಿನಿಂದ ಬಂದ ತೊಂದರೆ, ಹೀಗೆ ಹಲವು ಇರಬಹುದು. ಮಗಳಿಗೆ ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಮಾತ್ರೆ ಕೊಟ್ಟರೆ ಅದನ್ನೇ ಕೊಡಿ. ಬಾಣಲೆಯ ಅಡುಗೆ ಅದರ ಜೊತೆಗಿರಲಿ, ಅದರ ಬದಲಿಗೆ ಬೇಡ. ಇನ್ನೊಂದು ಕಡೆಯೂ ನೋಡಬೇಕು. ಮೈಯಲ್ಲಿ ಕಬ್ಬಿಣ ಅತಿಯಾಗಿ ಕೂಡುವ ಹೀಮೋಕ್ರೊಮಾಟೋಸಿಸ್ ಎಂಬ ಕಾಯಿಲೆ ಇರುವವರು, ಮತ್ತೆ ಮತ್ತೆ ರಕ್ತ ಹಾಕಿಸಿಕೊಳ್ಳುವ ಥಲಸ್ಸೇಮಿಯಾ ರೋಗಿಗಳು ಮನೆಯಲ್ಲಿದ್ದರೆ ಕಬ್ಬಿಣದ ಪಾತ್ರೆಯ ಬಗ್ಗೆ ಅವರ ವೈದ್ಯರನ್ನು ಕೇಳಲೇಬೇಕು. ಉಳಿದವರಿಗೆ ಮಾಮೂಲಿ ಅಡುಗೆಯಿಂದ ಬರುವಷ್ಟು ಕಬ್ಬಿಣದ ಚಿಂತೆ ಬೇಡ.

ಅಜ್ಜಿಯ ಬಾಣಲೆ ಉಳಿಯುತ್ತದೋ ಇಲ್ಲವೋ ಎಂಬುದನ್ನು ತುಕ್ಕು ನಿರ್ಧರಿಸುವುದಿಲ್ಲ. ಮೈತುಂಬ ತುಕ್ಕು ಹಿಡಿದದ್ದೂ ಎದ್ದು ಬರುತ್ತದೆ. ನೋಡಬೇಕಾದ್ದು ಬಿರುಕು. ಹಿಡಿಯಿಂದ ಎತ್ತಿ ಹಿಡಿದು, ಅಂಚಿಗೆ ಮರದ ಸಟ್ಟುಗದಿಂದ ಮೆಲ್ಲಗೆ ಬಡಿಯಿರಿ. ಗಂಟೆಯಂತೆ ಠಣ್ ಎಂದು ಸದ್ದು ಎಳೆದರೆ ಒಳ್ಳೆಯದು. ಡಬ್ ಎಂದು ಸತ್ತ ಸದ್ದು ಬಂದರೆ ಎಲ್ಲೋ ಬಿರುಕಿದೆ. ಅಂಚಿನ ಸುತ್ತ ಮತ್ತು ಹಿಡಿ ಕೂಡುವ ಜಾಗದಲ್ಲಿ ಬೆಳಕು ಬಿಟ್ಟು ನೋಡಿ. ಬಿರುಕು ಬಿಟ್ಟ ಬಾಣಲೆಯನ್ನು ಒಲೆಗೆ ಹತ್ತಿಸಬೇಡಿ, ಬಿಸಿ ಎಣ್ಣೆ ಇರುವಾಗ ಎರಡಾಗಬಹುದು. ಬೆಸುಗೆ ಹಾಕಿಸುವುದೂ ಅಡುಗೆ ಪಾತ್ರೆಗೆ ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಸಂಗತಿ ಸೀಸ. ಹಳೆಯ ಬಾಣಲೆಗಳಲ್ಲಿ ಕೆಲವರು ಮೀನಿನ ಗಾಳದ ಗುಂಡಿಗೋ ಬಂದೂಕಿನ ಗುಂಡಿಗೋ ಸೀಸ ಕರಗಿಸುತ್ತಿದ್ದರು. ಅಜ್ಜಿಯ ಅಡುಗೆಮನೆ ಬಿಟ್ಟು ಹೊರಗೆ ಹೋಗಿಲ್ಲ ಎಂದು ಗೊತ್ತಿದ್ದರೆ ಯೋಚನೆಯಿಲ್ಲ. ನಡುವೆ ಯಾರ ಕೈಯಲ್ಲಿತ್ತೋ ಗೊತ್ತಿಲ್ಲದಿದ್ದರೆ ಉಜ್ಜುವುದಕ್ಕೆ ಮೊದಲೇ ಪರೀಕ್ಷೆ ಮಾಡಿಸಿ. ಸೀಸ ಇದ್ದರೆ ಆ ಬಾಣಲೆ ಅಡುಗೆಗೆ ಬೇಡವೇ ಬೇಡ. ಅದನ್ನು ಉಜ್ಜಿದರೆ ಧೂಳು ಮನೆಯೆಲ್ಲ ಹರಡುತ್ತದೆ.

ತುಕ್ಕಿನಿಂದ ಧನುರ್ವಾಯು ಬರುತ್ತದೆ ಎಂದು ಹೆದರುವವರಿದ್ದಾರೆ. ಆ ಕಾಯಿಲೆ ತರುವುದು ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ, ಅದು ಗಾಯದ ಮೂಲಕ ಒಳಗೆ ಹೋಗಬೇಕು. ತುಕ್ಕು ಬರೀ ಆಮ್ಲಜನಕ, ನೀರು ಸೇರಿದ ಕಬ್ಬಿಣ.

ತುಕ್ಕು ತೆಗೆಯಲು ನಾನು ಮೊದಲು ಹೇಳುವುದು ಕೈಕೆಲಸ: ಸ್ಟೀಲ್ ಉಲ್ಲನ್, ಸೋಪು, ನೀರು, ತಾಳ್ಮೆ. ರಟ್ಟೆ ನೋಯುತ್ತದೆ, ಬೇರೆ ಅಪಾಯವಿಲ್ಲ. ಹೆಚ್ಚಿನ ಬಾಣಲೆಗಳಿಗೆ ಇಷ್ಟೇ ಸಾಕು. ಬಿಡದ ತುಕ್ಕಿಗೆ ವಿನೆಗರ್ ಮತ್ತು ನೀರನ್ನು ಸಮಪಾಲು ಬೆರೆಸಿ ಮುಳುಗಿಸಿಡಬಹುದು. ಅರ್ಧ ಗಂಟೆಗೊಮ್ಮೆ ತೆಗೆದು ಉಜ್ಜಿ ನೋಡಲೇಬೇಕು, ಯಾಕೆಂದರೆ ತುಕ್ಕು ಮುಗಿದ ಮೇಲೆ ವಿನೆಗರ್ ಕಬ್ಬಿಣವನ್ನೇ ತಿನ್ನತೊಡಗುತ್ತದೆ. ರಾತ್ರಿ ನೆನೆಹಾಕಿ ಮಲಗಿದವರ ಬಾಣಲೆಗಳಲ್ಲಿ ಗುಳಿಗಳನ್ನು ನೋಡಿದ್ದೇನೆ. ತುಕ್ಕಿನ ಮೇಲೆ ಹಳೆ ಎಣ್ಣೆಯ ದಪ್ಪ ಕರಕಲೂ ಇದ್ದರೆ ಕಾಸ್ಟಿಕ್ ಸೋಡಾ ಇರುವ ಓವನ್ ಕ್ಲೀನರ್ ಸಿಂಪಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದೆರಡು ದಿನ ಇಟ್ಟರೆ ಕರಕಲು ಸಡಿಲವಾಗುತ್ತದೆ. ಅದು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಉದ್ದ ಕೈಗವಸು, ಕನ್ನಡಕ ಹಾಕಿ, ಮಕ್ಕಳಿಗೆ ಸಿಗದ ಕಡೆ ಮಾಡಿ. ಅಲ್ಯೂಮಿನಿಯಂ ಪಾತ್ರೆಗಳ ಹತ್ತಿರ ಸುಳಿಸಬೇಡಿ, ಅವನ್ನು ಅದು ತಿಂದುಹಾಕುತ್ತದೆ. ವಿದ್ಯುತ್ ಹರಿಸಿ ತುಕ್ಕು ಬಿಡಿಸುವ ವಿಧಾನವೂ ಇದೆ, ನಾನು ಬಳಸುತ್ತೇನೆ, ಆದರೆ ಒಂದು ಬಾಣಲೆಗಾಗಿ ಮನೆಯಲ್ಲಿ ಅದನ್ನು ಹೂಡುವುದು ಅತಿಯಾಯಿತು. ಬೆಂಕಿಗೆ ಹಾಕಿ ಸುಡುವ ಹಳೆ ಪದ್ಧತಿ ಮಾತ್ರ ಬೇಡ. ಕರಕಲು ಹೋಗುತ್ತದೆ, ಬಾಣಲೆಯೂ ಸೊಟ್ಟಗಾಗಬಹುದು, ಸೀಳಬಹುದು. ತಾನೇ ಸುಟ್ಟು ಶುಚಿ ಮಾಡಿಕೊಳ್ಳುವ ಓವನ್‌ಗಳ ಜೋರು ಕಾವಿಗೂ ಇದೇ ಮಾತು.

ತುಕ್ಕು ಹೋದ ಕೂಡಲೇ ಒಂದು ವಿಚಿತ್ರ ಕಾಣುತ್ತೀರಿ. ಬೆಳ್ಳಿಬೂದು ಬಣ್ಣದ ಕಬ್ಬಿಣವನ್ನು ತೊಳೆದು ಇಟ್ಟು ಬಟ್ಟೆ ಹುಡುಕುವಷ್ಟರಲ್ಲಿ ಅದರ ಮೇಲೆ ಕಿತ್ತಳೆ ಬಣ್ಣದ ಮಂಜು ಕವಿದಿರುತ್ತದೆ. ಕೆಲಸ ವ್ಯರ್ಥವಾಯಿತೆಂದು ಬೇಸರ ಬೇಡ, ಬೆತ್ತಲೆ ಕಬ್ಬಿಣದ ಗುಣವೇ ಅದು. ಬಟ್ಟೆ, ಎಣ್ಣೆ, ಕಾದ ಓವನ್ ಮೂರನ್ನೂ ಮೊದಲೇ ಸಿದ್ಧ ಮಾಡಿಟ್ಟುಕೊಂಡು ತೊಳೆಯಿರಿ. ಆ ಮಂಜು ಎಣ್ಣೆ ಬಟ್ಟೆಯಲ್ಲೇ ಎದ್ದು ಬರುತ್ತದೆ. ಅಲ್ಲಿಂದ ಮುಂದೆ ಮೇಲೆ ಹೇಳಿದ ಹಾಗೆ ಪಳಗಿಸುವುದು. ಇದು ಬರಿಮೈ ಕಬ್ಬಿಣವಾದ್ದರಿಂದ ನಾಲ್ಕು ಸಲ ಮಾಡಿ. ಮೊದಲ ಕೆಲವು ದಿನ ಈರುಳ್ಳಿ, ಆಲೂಗಡ್ಡೆಯಂಥದ್ದನ್ನು ಎಣ್ಣೆ ಹಾಕಿ ಹುರಿಯಿರಿ. ಟೊಮೆಟೊ ಒಂದಷ್ಟು ದಿನ ದೂರವಿರಲಿ.

ಇಂಡಕ್ಷನ್ ಒಲೆಯ ಮೇಲೆ ಎರಡೂ ನಡೆಯುತ್ತವೆ, ಕಬ್ಬಿಣಕ್ಕೆ ಅಯಸ್ಕಾಂತ ಹಿಡಿಯುತ್ತದಲ್ವಾ, ಅದೇ ಅದಕ್ಕೆ ಬೇಕಾದ್ದು. ಅಜ್ಜಿಯದನ್ನು ಮಾತ್ರ ಸಮತಟ್ಟಾದ ಕಲ್ಲಿನ ಮೇಲಿಟ್ಟು ಅಂಚು ಒತ್ತಿ ನೋಡಿ. ಹಳೆಯವು ತಳ ಉಬ್ಬಿ ತಿರುಗುವುದುಂಟು, ಅಂಥದ್ದು ಇಂಡಕ್ಷನ್‌ನಲ್ಲಿ ಸರಿಯಾಗಿ ಕಾಯುವುದಿಲ್ಲ. ಗ್ಯಾಸ್ ಒಲೆಗೆ ಅಡ್ಡಿಯಿಲ್ಲ. ಇಂಡಕ್ಷನ್ ಸುರುಳಿಯ ಮೇಲಿನ ಭಾಗವನ್ನಷ್ಟೇ ಥಟ್ಟನೆ ಕಾಯಿಸುತ್ತದೆ, ಅಂಚು ತಣ್ಣಗಿರುತ್ತದೆ. ಆ ವ್ಯತ್ಯಾಸದಿಂದಲೇ ತಳ ಸೊಟ್ಟಗಾಗುವುದು. ಹಾಗಾಗಿ ‘ಬೂಸ್ಟ್’ ಗುಂಡಿ ಒತ್ತಬೇಡಿ, ಕಡಿಮೆಯಿಂದ ಶುರು ಮಾಡಿ ಐದು ನಿಮಿಷದ ಮೇಲೆ ಏರಿಸಿ. ಸರಿಸಬೇಕಾದಾಗ ಎಳೆಯದೆ ಎತ್ತಿಡಿ, ತರಿ ತಳ ಗಾಜಿನ ಮೇಲೆ ಗೀರು ಹಾಕುತ್ತದೆ. ಎತ್ತುವಾಗ ಬಟ್ಟೆ ಹಿಡಿದೇ ಎತ್ತಿ, ಹಿಡಿಯೂ ಅದೇ ಕಬ್ಬಿಣ.